ಕೌದಿಗಳ ಕಾರ್ಡು

ನಮ್ಮ ಅತ್ತೆಗೆ ಕ್ಯಾಮೆರಾ ಬಂದದ್ದು ಅವರು ಶಾಲೆಯಿಂದ ನಿವೃತ್ತರಾದ ಮರುವರ್ಷ. ಹುಬ್ಬಳ್ಳಿಯಲ್ಲಿದ್ದ ಅವರ ತಮ್ಮ ಯಾವುದೋ ಹುಮ್ಮಸ್ಸಿನಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ತರಿಸಿಕೊಂಡು, ಆರು ತಿಂಗಳು ಕಪಾಟಿನಲ್ಲಿ ಇಟ್ಟು, ಕೊನೆಗೆ ದೀಪಾವಳಿಗೆ ಬಂದಾಗ ಅಕ್ಕನ ಕೈಗೆ ಕೊಟ್ಟು ಹೋದರು.

"ಇದರಾಗ ರೀಲ ಇಲ್ಲ ಅಕ್ಕಾ. ಹೆಂಗ ತೊಳಸೂದು ಅಂತ ನನಗಂತೂ ತಿಳೀಲಿಲ್ಲ. ನಿನ್ನ ಸೊಸಿ ಕಂಪ್ಯೂಟರ್ ಕಲಸ್ತಾಳಲ್ಲ, ಆಕೀನ್ನ ಕೇಳು."

ನಾನು ಆಗ ಬೆಳಗಾವಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ಮನೆ ಹಿಂಡಲಗಾದಲ್ಲಿ. ಯಜಮಾನರಿಗೆ ಆಟೋ ನಗರದಲ್ಲಿ ಒಂದು ಲೇತ್ ಮಷೀನಿನ ಶೆಡ್ಡು. ಮಾವನವರು ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ನಾವು ಮೂವರೇ. ನಡುಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ವಿದ್ಯಾರ್ಥಿಗಳು ತರುವ ಫ್ಲಾಪಿಗಳಿಂದ ಅದಕ್ಕೆ ಎರಡು ಸಲ ವೈರಸ್ ಹತ್ತಿ, ಎರಡು ಸಲವೂ ಎಲ್ಲವನ್ನೂ ಅಳಿಸಿ ಮೊದಲಿನಿಂದ ತುಂಬಬೇಕಾಯಿತು. ಮೂರನೆಯ ಸಲ ಬೇಸತ್ತು, ಕಂಪ್ಯೂಟರ್ ಮಾಸಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡೆ. ಬೆಳಗಾವಿಯಲ್ಲಿ ಮನೆಯಲ್ಲಿ ಲಿನಕ್ಸ್ ಬಳಸುವವರು ಆಗ ನನಗೆ ಗೊತ್ತಿದ್ದಂತೆ ಇಬ್ಬರು. ಅದರಲ್ಲಿ ಒಬ್ಬಳು ನಾನು.

ಆ ಕ್ಯಾಮೆರಾದ ಡಬ್ಬಿಯಲ್ಲಿದ್ದ ತಂತಿಯೂ ಸಿ.ಡಿ.ಯೂ ವಿಂಡೋಸಿಗೆ ಮಾತ್ರ ಎಂದು ಬರೆದಿತ್ತು. ನನ್ನ ಕಂಪ್ಯೂಟರಿಗೆ ಅವೆರಡರಿಂದಲೂ ಪ್ರಯೋಜನವಿರಲಿಲ್ಲ. ಕ್ಯಾಮೆರಾದ ಹೊಟ್ಟೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಮೆಮೊರಿ ಕಾರ್ಡ್ ಇತ್ತು. ಹದಿನಾರು ಎಂ.ಬಿ., ಮೂವತ್ತಾರು ಫೋಟೋ ಹಿಡಿಯುತ್ತಿತ್ತು. ಆ ಕಾರ್ಡನ್ನು ಓದುವ ಚಿಕ್ಕ ಪೆಟ್ಟಿಗೆಯೊಂದನ್ನು ಅಂಗಡಿಯವರ ಮೂಲಕ ಮುಂಬೈಯಿಂದ ತರಿಸಿದೆ. ಅದರ ಮೇಲೂ ಅದೇ ಮಾತು ಬರೆದಿತ್ತು. ಇಂಟರ್ನೆಟ್ ಅಂಗಡಿಗೆ ಹೋಗಿ ಇಪ್ಪತ್ತೆರಡು ಪುಟ ಪ್ರಿಂಟು ತೆಗೆಸಿಕೊಂಡು ಬಂದು, ಒಂದು ಭಾನುವಾರ ಬೆಳಿಗ್ಗೆ ಕುಳಿತೆ. ಲಿನಕ್ಸಿನ ತಿರುಳನ್ನೇ ಬಿಚ್ಚಿ, ಇಂಥ ಪೆಟ್ಟಿಗೆಗಳನ್ನು ಗುರುತಿಸುವ ಭಾಗ ಸೇರಿಸಿ, ಮತ್ತೆ ಕಟ್ಟಬೇಕಿತ್ತು. ಕಂಪ್ಯೂಟರ್ ಅದನ್ನು ಕಟ್ಟುತ್ತಾ ಇದ್ದಾಗ ನಾನು ಸಾರು ಕುದಿಸಿದೆ, ಬಟ್ಟೆ ಒಗೆದೆ, ಉಂಡೆ. ಎರಡು ಸಲ ತಪ್ಪಾಯಿತು. ಮೂರನೆಯ ಸಲ, ಸಂಜೆ ಚಹದ ಹೊತ್ತಿಗೆ, ಕಾರ್ಡು ತೂರಿಸಿದೊಡನೆ ಕಂಪ್ಯೂಟರು ಅದನ್ನು ಒಂದು ಪುಟ್ಟ ಹಾರ್ಡ್ ಡಿಸ್ಕ್ ಎಂದು ಒಪ್ಪಿಕೊಂಡಿತು. ಪರದೆಯ ಮೇಲೆ ಮೊದಲು ಕಾಣಿಸಿದ್ದು ನಮ್ಮ ತುಳಸಿಕಟ್ಟೆ, ಆಮೇಲೆ ಯಜಮಾನರ ಬೆನ್ನು.

ಅತ್ತೆ ನನ್ನ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಲಿನಕ್ಸಿನಲ್ಲಿ ಆಗ ಕಾರ್ಡು ಹಾಕಿದರೆ ತಾನಾಗಿ ಏನೂ ತೆರೆಯುತ್ತಿರಲಿಲ್ಲ. ಈ ಕಾರ್ಡನ್ನು ಈ ಜಾಗಕ್ಕೆ ಜೋಡಿಸು ಎಂದು ಬರೆದು ಹೇಳಬೇಕು, ಕೆಲಸ ಮುಗಿದ ಮೇಲೆ ಬಿಡಿಸು ಎಂದೂ ಹೇಳಬೇಕು. ಬಿಡಿಸದೆ ಕಿತ್ತರೆ ಕಾರ್ಡು ಕೆಡುತ್ತದೆ. ಇದನ್ನು ವಿವರಿಸಿದಾಗ ಅತ್ತೆ, "ಅಷ್ಟ ಹೌದಲ್ಲ? ಎತ್ತು ಹೂಡೂದು, ಕೊಳ್ಳ ಹರಿಯೂದು" ಅಂದರು. ಎತ್ತನ್ನು ನೊಗಕ್ಕೆ ಕಟ್ಟುವುದು, ಆಮೇಲೆ ಬಿಚ್ಚುವುದು. ನಾನು ತರಗತಿಯಲ್ಲಿ ಇದನ್ನು ಹೇಳಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ.

ಅತ್ತೆ ಮೂವತ್ತು ವರ್ಷ ಖಾನಾಪುರ ತಾಲೂಕಿನ ಊರುಗಳಲ್ಲಿ ನಾಲ್ಕನೇ ಇಯತ್ತೆಯವರೆಗಿನ ಮಕ್ಕಳಿಗೆ ಕಲಿಸಿದವರು. ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವ ಮಾತು ಅವರಿಗೆ ಅಲ್ಲಿಂದಲೇ ಬಂದಿತ್ತು. ಅವರು ಖಾನಾಪುರದಲ್ಲಿದ್ದಾಗ ಅವರ ಶಾಲೆಯ ಕಸ ಗುಡಿಸಿ, ನೀರು ತುಂಬಿ, ಗಂಟೆ ಹೊಡೆಯುತ್ತಿದ್ದ ಒಬ್ಬ ಹೆಂಗಸು ಇದ್ದಳು. ಅತ್ತೆಗಿಂತ ಹತ್ತು ವರ್ಷ ದೊಡ್ಡವಳು. ಅತ್ತೆ ಅವಳನ್ನು ಮಾವಶಿ ಎಂದು, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದರು. ಅವಳು ಅತ್ತೆಯನ್ನು ಬಾಯಾರ, ಅಂದರೆ ಟೀಚರಮ್ಮ ಎನ್ನುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ, ರಜೆಯಲ್ಲಿ, ಮಳೆಗಾಲದ ಸಂಜೆಗಳಲ್ಲಿ ಈ ಮಾವಶಿ ಕೌದಿ ಹೊಲಿಯುತ್ತಿದ್ದಳು. ಊರಿನವರು ಹಳೇ ಸೀರೆ, ಧೋತರ, ಹರಿದ ಅಂಗಿಗಳ ಗಂಟು ತಂದು ಕೊಡುವರು. ಎರಡು ಮೂರು ತಿಂಗಳಿಗೆ ಹೊದ್ದುಕೊಳ್ಳುವ ಕೌದಿಯಾಗಿ ಒಯ್ಯುವರು. ಬಾಣಂತಿಗೆ, ಮದುವೆಗೆ, ಹೊಸ ಮನೆಗೆ. ಹೀಗೆ ಅವಳು ಹೊಲಿದದ್ದೆಲ್ಲ ಸುತ್ತಲಿನ ಊರುಗಳ ಮನೆ ಸೇರಿ, ಅವಳ ಬಳಿ ಉಳಿದದ್ದು ತಾನು ಹೊದೆಯುವ ಒಂದೇ ಕೌದಿ.

ಮಾವಶಿಯ ಕಣ್ಣಿಗೆ ಪೊರೆ ಬರುತ್ತಿದೆ, ಇನ್ನು ಸೂಜಿ ಪೋಣಿಸಲಾಗುತ್ತಿಲ್ಲ ಎಂದು ಅತ್ತೆಗೆ ಯಾರೋ ಹೇಳಿದರು. ಒಂದು ದಿನ ಅತ್ತೆ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ನಿಲ್ಲಿಸಿ ಅಂದರು:

"ಯವ್ವಾ, ಆಕೀ ತಾ ಹೊಲದ ಕೌದಿ ಎಲ್ಲಾ ಒಂದ ಕಡೆ ನೋಡೇ ಇಲ್ಲ. ನಾ ಮನಿಮನಿಗೆ ಹೋಗಿ ಫೋಟೋ ಹೊಡಕೊಂಡು ಬಂದರ, ನಿನ್ನ ಪೆಟಿಗ್ಯಾಗ ತೋರಸಾಕ ಬರತೈತೇನ?"

"ಬರತೈತ್ರಿ ಅತ್ತೀ. ಯಾಕ ಬರೂದುಲ್ಲ?"

ಅತ್ತೆ ಎಂಟು ದಿನ ಖಾನಾಪುರದಲ್ಲಿ ತಮ್ಮ ಗೆಳತಿಯೊಬ್ಬರ ಮನೆಯಲ್ಲಿ ಉಳಿದರು. ಅಲ್ಲಿಂದ ಬಸ್ಸು, ಟೆಂಪೋ, ಸಿಕ್ಕ ಗಾಡಿ ಹಿಡಿದು ನಂದಗಡ, ಬೀಡಿ, ಜಾಂಬೋಟಿ ಕಡೆಯ ಹಳ್ಳಿಗಳಿಗೆಲ್ಲ ಹೋದರು. ಹಳೆಯ ವಿದ್ಯಾರ್ಥಿಗಳು ಈಗ ತಂದೆ ತಾಯಿಗಳಾಗಿದ್ದರು. ಅವರು ಟ್ರಂಕು ತೆಗೆದು, ಅಟ್ಟ ಹತ್ತಿ, ಮಲಗಿದ್ದ ಅಜ್ಜನ ಮೈಮೇಲಿನಿಂದ ಎಳೆದು ಕೌದಿ ತೋರಿಸಿದರು. ಒಂದು ಮನೆಯಲ್ಲಿ ಕೌದಿ ಮರುದಿನವೇ ಮಗಳ ಜೊತೆ ಗಂಡನ ಮನೆಗೆ ಹೋಗುವುದಿತ್ತು. ಇನ್ನೊಂದು ಮನೆಯಲ್ಲಿ ಅದು ಜೀರ್ಣವಾಗಿ, ಕತ್ತರಿಸಿ ದನದ ಮೈ ಒರೆಸಲು ಇಟ್ಟುಕೊಳ್ಳುವವರಿದ್ದರು. ಅತ್ತೆ ಹೋದದ್ದಕ್ಕೆ ಒಂದು ಗಂಟೆ ತಡೆದರಂತೆ. ಮೂವತ್ತಾರನೆಯ ಫೋಟೋ ಹೊಡೆದಾಗ ಕ್ಯಾಮೆರಾ ಕಾರ್ಡು ತುಂಬಿತು ಎಂದಿತು. ಅತ್ತೆ ರೈಲು ಹತ್ತಿ ಬೆಳಗಾವಿಗೆ ಬಂದರು.

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಮೊದಲು ಕಾರ್ಡು ಓದಿಸಲು ಕುಳಿತೆ. ಅದು ಎಂಟು ಗಂಟೆಗೆ ಕರೆಂಟು ತೆಗೆಯುವ ವಾರ. ಎಂಟಕ್ಕೆ ಇನ್ನೂ ಮೂರು ನಿಮಿಷವಿತ್ತು. ಕಾರ್ಡಿನಿಂದ ಕಂಪ್ಯೂಟರಿಗೆ ಫೋಟೋಗಳನ್ನು ನಕಲು ಮಾಡಬೇಕಿದ್ದವಳು, ಅವಸರದಲ್ಲಿ ಒಂದೇ ಏಟಿಗೆ ಕಾರ್ಡೂ ಖಾಲಿಯಾಗಲಿ ಎಂದು ಸಾಗಿಸುವ ಆಜ್ಞೆ ಬರೆದೆ. ಮೂವತ್ತಾರೂ ಬಂದವು. ಕಾರ್ಡನ್ನು ಬಿಡಿಸಿದೆ, ಕಿತ್ತು ಮೇಜಿನ ಮೇಲಿಟ್ಟೆ. ಇಟ್ಟ ಕೈ ಹಿಂದಕ್ಕೆ ಬರುವುದರೊಳಗೆ ಫ್ಯಾನು ನಿಂತಿತು, ಪರದೆ ಕಪ್ಪಾಯಿತು. ನಮ್ಮ ಯು.ಪಿ.ಎಸ್.ನ ಬ್ಯಾಟರಿ ಸತ್ತು ತಿಂಗಳಾಗಿತ್ತು.

ಆಗಲೂ ನನಗೆ ಗಾಬರಿಯಾಗಲಿಲ್ಲ. ಫೋಟೋ ಬಂದಾಗಿತ್ತಲ್ಲ ಎಂದುಕೊಂಡು ಕಾಲೇಜಿಗೆ ಹೋದೆ. ಸಂಜೆ ಬಂದು ಕಂಪ್ಯೂಟರ್ ಹಚ್ಚಿದರೆ ಅದು ತನ್ನ ಡಿಸ್ಕನ್ನು ತಾನೇ ಇಪ್ಪತ್ತು ನಿಮಿಷ ಪರೀಕ್ಷೆ ಮಾಡಿಕೊಂಡಿತು. ಆಮೇಲೆ ನೋಡಿದರೆ ಕೆಲವು ಹೆಸರುಗಳಿದ್ದವು, ಒಳಗೆ ಏನೂ ಇರಲಿಲ್ಲ. ಮಿಕ್ಕವುಗಳ ಹೆಸರೂ ಇರಲಿಲ್ಲ. ಲಿನಕ್ಸ್ ಬರೆದಾಯಿತು ಎಂದು ಹೇಳಿದ್ದನ್ನು ಆ ಕ್ಷಣಕ್ಕೆ ನೆನಪಿನಲ್ಲಷ್ಟೇ ಇಟ್ಟುಕೊಂಡಿರುತ್ತದೆ, ಅರ್ಧ ನಿಮಿಷ ಬಿಟ್ಟು ಡಿಸ್ಕಿಗೆ ಇಳಿಸುತ್ತದೆ. ಇದನ್ನು ನಾನೇ ಹುಡುಗರಿಗೆ ಹೇಳಿಕೊಟ್ಟಿದ್ದೆ. ನನಗೆ ಆ ಅರ್ಧ ನಿಮಿಷ ಸಿಕ್ಕಿರಲಿಲ್ಲ. ಕಾರ್ಡನ್ನು ಮಾತ್ರ ನಾನು ಸರಿಯಾಗಿ ಬಿಡಿಸಿದ್ದರಿಂದ ಅದರ ಮೇಲಿನ ಅಳಿಸುವ ಕೆಲಸ ಅಚ್ಚುಕಟ್ಟಾಗಿ ಮುಗಿದಿತ್ತು.

ಅತ್ತೆ ಅಡುಗೆಮನೆಯಲ್ಲಿ ಮೆಂತೆ ಸೊಪ್ಪು ಸೋಸುತ್ತಿದ್ದರು. ನಾನು ಹೋಗಿ ಎದುರಿಗೆ ಕುಳಿತೆ.

"ಅತ್ತೀ, ನನ್ನಿಂದ ಒಂದು ತಪ್ಪಾಗೇತ್ರಿ. ಕರೆಂಟ್ ಹೋದಾಗ ಫೋಟೋನೂ ಹೋದೂವು."

"ಎಷ್ಟು?"

"ಎಲ್ಲಾನೂ."

ಅವರು ಕೈಯಲ್ಲಿದ್ದ ಕಡ್ಡಿಯನ್ನು ಪೂರ್ತಿ ಸೋಸಿ, ಎಲೆಯನ್ನು ಬುಟ್ಟಿಗೆ ಹಾಕಿದರು.

"ಎಂಟಕ್ಕ ಕರೆಂಟ್ ಹೋಗತೈತಿ ಅನ್ನೂದು ನಿನಗ ಗೊತ್ತಿತ್ತಲ್ಲ."

"ಗೊತ್ತಿತ್ರಿ."

ಇಷ್ಟೇ ಅಂದದ್ದು. ಬೈದಿದ್ದರೆ ಹಗುರವಾಗುತ್ತಿತ್ತು. ಇನ್ನೊಂದು ಕಡ್ಡಿ ಎತ್ತಿಕೊಂಡು ಅವರೇ, "ಮತ್ತ ಹೋಗಿ ಹೊಡಕೊಂಡು ಬರ್ತೀನಿ ಬಿಡು. ಆದ್ರ ಆ ನಂದಗಡದ್ದು ಗಂಡನ ಮನಿಗೆ ಹೋತು, ಆ ದನದ ಮನಿಯಾಂವ ಇಷ್ಟೊತ್ತಿಗೆ ಕತ್ರಿ ಹಾಕಿರತಾನ" ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕಿದರು. ಆ ಮಾತು ಕೇಳಿ ನನಗೆ ಅಲ್ಲಿ ಕೂರಲಾಗಲಿಲ್ಲ.

ಹಿತ್ತಲಿಗೆ ಹೋಗಿ ಬಚ್ಚಲ ಕಟ್ಟೆಯ ಮೇಲೆ ಕುಳಿತಾಗ ತಲೆ ಓಡತೊಡಗಿತು. ಕಾರ್ಡಿನಿಂದ ಅಳಿಸಿದ ಫೋಟೋ ನಿಜವಾಗಿ ಎಲ್ಲಿ ಹೋಗುತ್ತದೆ? ಎಲ್ಲಿಯೂ ಹೋಗುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರಿನ ಮೊದಲಕ್ಷರ ಹೊಡೆದಿರುತ್ತದೆ, ಆ ಜಾಗ ಖಾಲಿ ಎಂದು ಗುರುತು ಹಾಕಿರುತ್ತದೆ. ಹೊಸ ಫೋಟೋ ಬಂದು ಕೂರುವ ತನಕ ಹಳೆಯದು ಅಲ್ಲೇ ಬಿದ್ದಿರುತ್ತದೆ. ಓಡಿ ಒಳಗೆ ಬಂದೆ.

"ಅತ್ತೀ, ಕಾರ್ಡ್ ಕ್ಯಾಮರಾಕ್ಕ ಹಾಕೀರೇನ? ಏನರ ಫೋಟೋ ಹೊಡದೀರೇನ?"

"ಇಲ್ಲ. ಯಾಕ?"

"ಹಾಕಬ್ಯಾಡ್ರಿ. ಒಂದೂ ಹೊಡೀಬ್ಯಾಡ್ರಿ." ಆಮೇಲೆ ಅವರಿಗೆ ತಿಳಿಯುವಂತೆ ಹೇಳಿದೆ.

"ಅಂದ್ರ ಹಾಜರಿಯಾಗ ಹೆಸರು ಹೊಡದೈತಿ, ಹುಡುಗೂರು ಇನ್ನೂ ಒಳಗ ಕುಂತಾವು ಅಂತೀ?"

"ಹೌದ್ರಿ. ಆದ್ರ ಹೆಸರು ಹಿಡದು ಕರದ್ರ ಓ ಅನ್ನೂದಿಲ್ಲ."

"ಹಂಗಾರ ಮುಖ ನೋಡಿ ಗುರ್ತು ಹಿಡಿ" ಅಂದರು ಅತ್ತೆ.

ಮಾಡಬೇಕಾದದ್ದು ಅದೇ ಆಗಿತ್ತು. ಮೊದಲು ಇಡೀ ಕಾರ್ಡನ್ನು, ಒಳಗೆ ಏನಿದೆ ಎಂದು ಕೇಳದೆ, ತುದಿಯಿಂದ ತುದಿಗೆ ಒಂದೇ ಫೈಲಾಗಿ ನಕಲು ಮಾಡಿಕೊಂಡೆ. ಲಿನಕ್ಸಿನಲ್ಲಿ ಇದು ಒಂದೇ ಸಾಲಿನ ಕೆಲಸ. ಈ ಒಂದು ವಿಷಯಕ್ಕೆ ನಾನು ಆ ದಿನ ಅದನ್ನು ಕ್ಷಮಿಸಿದೆ, ಅದು ಬಹುಶಃ ನನ್ನನ್ನು. ನಕಲು ಮುಗಿದ ಮೇಲೆ ಡಿಸ್ಕಿಗೆ ಇಳಿಸು ಎಂಬ ಆಜ್ಞೆಯನ್ನೂ ಮೂರು ಸಲ ಕೊಟ್ಟೆ. ಆ ಕ್ಯಾಮೆರಾ ತೆಗೆದ ಪ್ರತಿ ಫೋಟೋ ಒಂದೇ ಬಗೆಯ ಗುರುತಿನಿಂದ ಶುರುವಾಗುತ್ತದೆ. ಆ ಗುರುತು ಕಂಡಲ್ಲೆಲ್ಲ ಕತ್ತರಿಸಿ ಬೇರೆ ಬೇರೆ ಫೈಲು ಮಾಡುವ ಸಣ್ಣ ಪ್ರೋಗ್ರಾಮೊಂದನ್ನು ಮರುದಿನ ಕಾಲೇಜಿನ ಊಟದ ಬಿಡುವಿನಲ್ಲಿ ಹಾಳೆಯ ಮೇಲೆ ಬರೆದೆ. ನಲವತ್ತು ಸಾಲೂ ಇರಲಿಲ್ಲ. ಸಂಜೆ ಮನೆಗೆ ಬಂದು ಟೈಪು ಮಾಡಿ ಓಡಿಸಿದೆ.

ಎಪ್ಪತ್ತು ಫೈಲುಗಳು ಬಂದವು. ಇದ್ದ ಫೋಟೋ ಮೂವತ್ತಾರು. ತೆರೆದು ನೋಡಿದರೆ ಒಂದು ಬಿಟ್ಟು ಒಂದು ತೆರೆಯುತ್ತಲೇ ಇರಲಿಲ್ಲ. ತೆರೆದವು ಅಂಚೆ ಚೀಟಿಯಷ್ಟು ಸಣ್ಣ ಚಿತ್ರಗಳು. ಆದರೂ ಕೌದಿಗಳು! ಕೆಂಪು, ಹಳದಿ, ಅಂಚಿನ ಪಟ್ಟಿ, ಹಿಡಿದು ನಿಂತವರ ಬೆರಳ ತುದಿ. ನಾನು ಕೂಗಿದ್ದು ಕೇಳಿ ಅತ್ತೆ ಹಿಟ್ಟಿನ ಕೈಯಲ್ಲೇ ಬಂದರು. ಮೂಗು ಪರದೆಗೆ ತಾಗುವಷ್ಟು ಬಾಗಿ, "ಇದು ಬೀಡಿದು. ಇದು ನಂದಗಡದ್ದು, ಗಂಡನ ಮನಿಗೆ ಹೋದದ್ದು. ಇದು... ದನದ ಮನಿಯಾಂವಂದು! ಅಯ್ಯ ಶಿವನ!" ಎಂದು ಒಂದೊಂದನ್ನೂ ಊರಿನ ಹೆಸರು ಹಿಡಿದು ಕರೆದರು.

"ಇಷ್ಟ ಸಾಕು ಬಿಡ ಯವ್ವಾ. ಭಾಳ ಆತು."

ನನಗೆ ಸಾಕಾಗಿರಲಿಲ್ಲ. ಚೀಟಿಯಷ್ಟು ಚಿತ್ರ ಎಲ್ಲಿಂದ ಬಂತು ಎಂದು ಎರಡು ದಿನ ಯೋಚಿಸಿದೆ. ಯಜಮಾನರು ಊಟಕ್ಕೆ ಕುಳಿತಾಗ ನನ್ನ ಮುಖ ನೋಡಿ, "ಏನು, ಇನ್ನೂ ಅಲ್ಲೇ ಸಿಕ್ಕೊಂಡಿ ಏನು?" ಎಂದರು. ಅವರಿಗೆ ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಕ್ಯಾಮೆರಾ ತನ್ನ ಚಿಕ್ಕ ಪರದೆಯಲ್ಲಿ ಬೇಗ ತೋರಿಸಲು ಪ್ರತಿ ದೊಡ್ಡ ಫೋಟೋದ ಹೊಟ್ಟೆಯೊಳಗೆ ಅದರದೇ ಒಂದು ಸಣ್ಣ ಪ್ರತಿ ಇಟ್ಟಿರುತ್ತದೆ. ಅದೂ ಅದೇ ಗುರುತಿನಿಂದ ಶುರುವಾಗುತ್ತದೆ. ನನ್ನ ಪ್ರೋಗ್ರಾಮು ಅಲ್ಲಿಯೂ ಕತ್ತರಿ ಹಾಕಿ, ತಾಯಿಯನ್ನು ಎರಡು ತುಂಡು ಮಾಡಿ ಮಗುವನ್ನು ಹೊರಗೆ ತೆಗೆದಿತ್ತು. ಕಾರ್ಡು ಸಮನಾದ ಸಣ್ಣ ಖಾನೆಗಳಾಗಿ ಭಾಗವಾಗಿರುತ್ತದೆ, ದೊಡ್ಡ ಫೋಟೋ ಯಾವಾಗಲೂ ಖಾನೆಯ ಮೊದಲಿನಿಂದಲೇ ಶುರುವಾಗಬೇಕು. ಹಾಗಾದರೆ ಖಾನೆಯ ಮೊದಲಲ್ಲಿ ಗುರುತು ಇದ್ದರೆ ಮಾತ್ರ ಕತ್ತರಿಸು. ಪ್ರೋಗ್ರಾಮಿನಲ್ಲಿ ಒಂದೇ ಸಾಲು ಬದಲಾಯಿಸಿದೆ. ಅನ್ನದ ಕೈ ತೊಳೆದದ್ದು ನೆನಪಿದೆ, ತಟ್ಟೆ ತೆಗೆದದ್ದು ನೆನಪಿಲ್ಲ. ಯಜಮಾನರೇ ತೆಗೆದಿರಬೇಕು.

ಮೂವತ್ತೈದು ಫೈಲು ಬಂದವು. ಮೂವತ್ತನಾಲ್ಕು ಪೂರ್ತಿ ತೆರೆದವು. ಒಂದು ಅರ್ಧ ತೆರೆದು ಕೆಳಗಿನ ಭಾಗ ಬೂದುಬಣ್ಣವಾಗಿ ಉಳಿಯಿತು. ಇನ್ನೊಂದು ಸಿಗಲೇ ಇಲ್ಲ. ಏಕೆ ಎಂದು ನನಗೆ ಈಗಲೂ ಗೊತ್ತಿಲ್ಲ. ನಾನು ರವಿವಾರ ಪೇಟೆಯ ಅಂಗಡಿಗೆ ಹೋಗಿ ಎರಡು ಡಬ್ಬಿ ಫ್ಲಾಪಿ ತಂದು, ಎಲ್ಲವನ್ನೂ ಮತ್ತೊಂದು ಪ್ರತಿ ಮಾಡಿ, ಅತ್ತೆಯ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ.

ಮುಂದಿನ ತಿಂಗಳು ಮಾವಶಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಅತ್ತೆ ಬೆಳಗಾವಿಗೆ ಕರೆದುಕೊಂಡು ಬಂದರು. ತೆಳ್ಳಗಿನ ಮುದುಕಿ. ಕಚ್ಚೆ ಹಾಕಿ ಉಟ್ಟ ಹಸಿರು ಸೀರೆ, ಚೀಲದಲ್ಲಿ ನಮಗಾಗಿ ತಂದ ಒಂದು ಪುಡಿಕೆ ಆಮಸೂಲ, ಅಂದರೆ ಒಣಗಿಸಿದ ಮುರುಗಲ ಹಣ್ಣಿನ ಸಿಪ್ಪೆ. ಒಂದು ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಇನ್ನೊಂದು ಹತ್ತಿರಕ್ಕೆ ತಕ್ಕಮಟ್ಟಿಗೆ ಕಾಣುತ್ತಿತ್ತು. ಡಾಕ್ಟರರು ಚಳಿಗಾಲದಲ್ಲಿ ಆಪರೇಷನ್ ಮಾಡೋಣ ಅಂದಿದ್ದರು. ಕುರ್ಚಿಯನ್ನು ಪರದೆಯ ಮುಂದೆ ಎಳೆದು ಕೂರಿಸಿದೆವು.

"ಕುಂದರ್ರಿ ಮಾವಶಿ. ನೋಡ್ರಿ ಏನು ತೋರಸ್ತಾಳ ನನ್ನ ಸೊಸಿ" ಅಂದರು ಅತ್ತೆ.

ಮೊದಲನೆಯ ಕೌದಿ ಬಂತು. ಮಾವಶಿ ಒಂದು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ ನೋಡಿದಳು. ಅವಳಿಗೆ ಕಾಣುತ್ತಿಲ್ಲವೇನೋ ಎಂದು ನಾನು ಚಿತ್ರ ಹಿಗ್ಗಿಸಿದೆ. ಆಗ ಅವಳು ಬೆರಳು ಗಾಜಿಗೆ ಹಚ್ಚಿದಳು.

"ಅಗ ಬಾಈ! ಈ ಖಾಕಿ ಪಟ್ಟಿ ಪೋಸ್ಟಮನ್ನನ ಪ್ಯಾಂಟಿಂದು. ಈ ಹೂವಿಂದು ಅವನ ಹೇಣ್ತಿ ಸೀರಿ. ಅವ್ವನ ಬಾಜೂಕ ಅಪ್ಪನ್ನ ಹಚ್ಚು ಅಂತ ಮಗಳು ಹೇಳಿದ್ಲು."

ಆಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು. ಪ್ರತಿ ತುಂಡಿಗೂ ಒಬ್ಬರ ಮೈ ನೆನಪಿತ್ತು. ಅರ್ಧ ಬೂದಾದ ಫೋಟೋ ಬಂದಾಗ, "ಛೇ ಛೇ, ಅರ್ಧಕ್ಕ ಬಿಡಾಕಿ ನಾ ಅಲ್ಲ. ಇದು ನಿಮ್ಮ ಪೆಟಿಗಿ ತಪ್ಪು" ಎಂದು ಗದರಿದಳು. ನಾನು ಒಪ್ಪಿಕೊಂಡೆ.

ಹತ್ತೊಂಬತ್ತನೆಯದಕ್ಕೆ ಬಂದಾಗ ಅವಳು ಮುಂದಕ್ಕೆ ಬಾಗಿದಳು. ಹಿಗ್ಗಿಸು ಎಂದು ಕೈ ಮಾಡಿದಳು. ಇನ್ನೂ ಹಿಗ್ಗಿಸಿದೆ.

"ಬಾಯಾರ, ಇದು ನಂದಲ್ಲ."

"ಅವರ ಮನ್ಯಾಗ ನಿಮ್ಮದು ಅಂದ್ರಲ್ಲ?" ಅಂದರು ಅತ್ತೆ.

"ಅನ್ನಲಿ. ಖರೇ ಹೇಳ್ತೀನಿ, ನಂದಲ್ಲ. ಹೊಲಿಗಿ ನೋಡ್ರಿ. ನಾ ಅಂಚಿನಿಂದ ಸುರು ಮಾಡಿ ನಡುವಕ ಬರ್ತೀನಿ. ಇದು ನಡುವಿನಿಂದ ಹೊರಗ ಹೋಗೇತಿ. ಇದು ನನ್ನ ನೆಗೆಣ್ಣೀದು."

ಅವಳ ಮೈದುನನ ಹೆಂಡತಿ. ತೀರಿಕೊಂಡು ಹತ್ತು ವರ್ಷವಾಗಿತ್ತಂತೆ. ಒಂದೇ ಮನೆಯಲ್ಲಿದ್ದು, ಒಂದೇ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಹೊಲಿಯುತ್ತಿದ್ದರಂತೆ. ಇವಳು ಅವಳ ಹೊಲಿಗೆ ವಕ್ರ ಎಂದು ಆಡಿಕೊಳ್ಳುತ್ತಿದ್ದಳಂತೆ. ಅವಳ ಕೌದಿ ಯಾವುದೂ ಉಳಿದಿಲ್ಲ ಎಂದುಕೊಂಡಿದ್ದಳು.

ಮಾವಶಿ ಅದರ ಹೊಲಿಗೆಯ ಮೇಲೆ ಉಗುರು ಸರಿಸುತ್ತಾ ಒಂದು ಸುತ್ತು ಹೋದಳು. "ಚಲೋ ಹೊಲದಾಳ. ನನಗಿಂತ ದಟ್ಟ ಅದ. ಆಕೀ ಇದ್ದಾಗ ಒಂದ ಸಲಾನೂ ಹೇಳಲಿಲ್ಲ ನಾ." ಅಷ್ಟು ಹೇಳಿ, ಸೆರಗಿನಿಂದ ಪರದೆಯ ಮೇಲೆ ತನ್ನ ಬೆರಳು ಮೂಡಿಸಿದ್ದ ಗುರುತುಗಳನ್ನು ಒರೆಸಿದಳು. "ಇರಲಿ, ಇದನ್ನ ತೆಗೀಬ್ಯಾಡ್ರಿ. ಇದೂ ಇವುಗಳ ಜೋಡಿನ ಇರಲಿ."

ಅತ್ತೆ ಒಳಗೆ ಹೋಗಿ ಮೂರು ಲೋಟ ಚಹಾ ತಂದರು.

ಸಿಗದೆ ಹೋದ ಆ ಒಂದು ಕೌದಿಗಾಗಿ ನಾನೂ ಅತ್ತೆಯೂ ಮುಂದಿನ ಭಾನುವಾರ ಜಾಂಬೋಟಿ ಕಡೆಯ ಒಂದು ಹಳ್ಳಿಗೆ ಹೋದೆವು. ಆ ಮನೆಯಾಕೆ ಅದೇ ಬೆಳಿಗ್ಗೆ ಕೌದಿಯನ್ನು ಒಗೆದು ಬಂಡೆಯ ಮೇಲೆ ಹರವಿದ್ದಳು. ಒದ್ದೆ ಕೌದಿಯ ಬಣ್ಣ ಸರಿಯಾಗಿ ಬರುವುದಿಲ್ಲ, ಒಣಗಲಿ ಎಂದು ಅತ್ತೆ ಹಟ ಹಿಡಿದರು. ಆಕೆ ನಮಗೆ ಅನ್ನ, ಹುರುಳಿ ಸಾರು ಬಡಿಸಿದಳು. ಉಂಡು, ಬಂಡೆಯ ಪಕ್ಕದ ಗೋಡೆಯ ನೆರಳಿನಲ್ಲಿ ಕುಳಿತೆವು. ನಾನು ಆಗಾಗ ಎದ್ದು ಹೋಗಿ ಕೌದಿ ಮುಟ್ಟಿ ನೋಡಿ ಬರುತ್ತಿದ್ದೆ. ಅಂಚು ಒಣಗಿತ್ತು, ನಡು ಇನ್ನೂ ತಂಪಾಗಿತ್ತು. ಅತ್ತೆ ಕ್ಯಾಮೆರಾವನ್ನು ಮಡಿಲಲ್ಲಿ ಇಟ್ಟುಕೊಂಡೇ ಗೋಡೆಗೆ ಒರಗಿ ಸಣ್ಣಗೆ ನಿದ್ದೆ ಹೋದರು. ಬಸ್ಸು ನಾಲ್ಕಕ್ಕೆ ಇತ್ತು. ಹೊತ್ತು ಇನ್ನೂ ಬೇಕಾದಷ್ಟಿತ್ತು.